ಕಚ್ಚಿದ ಗುರುತು ನೋಡಿ ಕೊಲೆಗಾರನನ್ನು ಹಿಡಿಯಬಹುದಾ? ಕಥೆಗೆ ಸಹಾಯ ಬೇಕು

ಅರ್ಧಕಥೆ:

ಎಲ್ಲರಿಗೂ ನಮಸ್ಕಾರ. ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಎಂಟು ಅಧ್ಯಾಯ ಮುಗಿದಿದೆ. ಒಂಬತ್ತರಲ್ಲಿ ಗಾಡಿ ನಿಂತುಬಿಟ್ಟಿದೆ.

ವಿಷಯ ಇಷ್ಟು. ಒಬ್ಬ ಹೆಂಗಸಿನ ಕೊಲೆಯಾಗಿದೆ. ಅವಳ ತೋಳಿನ ಮೇಲೆ ಯಾರೋ ಕಚ್ಚಿದ ಗುರುತು. ಮೇಜಿನ ಮೇಲೆ ಅರ್ಧ ತಿಂದ ಸೇಬು, ಪಕ್ಕದಲ್ಲಿ ಕುಡಿದಿಟ್ಟ ಲೋಟ. ನನ್ನ ಇನ್‌ಸ್ಪೆಕ್ಟರಮ್ಮನಿಗೆ ನಾಲ್ವರ ಮೇಲೆ ಅನುಮಾನ. ನಾಲ್ವರದ್ದೂ ಹಲ್ಲಿನ ಅಚ್ಚು ತೆಗೆಸುತ್ತಾಳೆ. ಮೂರನೆಯವನ ಅಚ್ಚು ಆ ಗುರುತಿನ ಮೇಲೆ ಬೀಗಕ್ಕೆ ಕೀಲಿಯ ಹಾಗೆ ಕೂರುತ್ತದೆ. ಅವನು ತಪ್ಪೊಪ್ಪಿಕೊಳ್ಳುತ್ತಾನೆ. ಶುಭಂ.

ತಂಗಿಗೆ ಓದಿ ಹೇಳಿದೆ. "ಈ ಕಾಲದಲ್ಲಿ ಹಲ್ಲು ಅಳೆದುಕೊಂಡು ಕೂರ್ತಾರಾ ಅಣ್ಣಾ? ಎಂಜಲು ತೆಗೆದು ಡಿಎನ್‌ಎ ನೋಡಿದ್ರೆ ಆಯ್ತಪ್ಪ" ಅಂದು ಎದ್ದು ಹೋದಳು. ಎರಡು ವರ್ಷದ ಕೆಲಸ ಒಂದೇ ಮಾತಿಗೆ ಠುಸ್ಸಾಯಿತು.

ಅವಳು ಹೇಳಿದ್ದು ನಿಜವಾ? ಹಲ್ಲಿನ ಗುರುತಿಗೆ ಈಗ ಬೆಲೆಯೇ ಇಲ್ವಾ? ಎಂಜಲು ಒಣಗಿಹೋದ ಮೇಲೂ ಏನಾದರೂ ಸಿಗುತ್ತದಾ? ಮತ್ತೆ, ಕೊಲೆಗಾರ ಸಿಕ್ಕಿಬೀಳುವ ಮುಂಚೆ ಒಂದು ಹಲ್ಲು ಕೀಳಿಸಿಕೊಂಡುಬಿಟ್ಟರೆ? ಗೊತ್ತಿರುವವರು ಹೇಳಿ. ಸಿನಿಮಾದಲ್ಲಿ ನೋಡಿದ್ದು ಬೇಡ, ಅದು ನನಗೂ ಗೊತ್ತು.

ನಿದ್ದೆಗೆಟ್ಟವ:

ಬೆಲೆ ಯಾಕಿಲ್ಲ ಗುರುವೇ? ಅಮೆರಿಕದ ಸರಣಿ ಕೊಲೆಗಾರ ಟೆಡ್ ಬಂಡಿಗೆ ಶಿಕ್ಷೆಯಾಗಿದ್ದರಲ್ಲಿ ಹಲ್ಲಿನದ್ದೇ ದೊಡ್ಡ ಪಾತ್ರ. 1978ರ ಜನವರಿ, ಅಮೆರಿಕದ ಟಲಹಾಸಿ. ವಿದ್ಯಾರ್ಥಿನಿಯರ ವಸತಿಗೆ ನುಗ್ಗಿ ಇಬ್ಬರನ್ನು ಕೊಂದ. ಒಬ್ಬಳ ಮೈಮೇಲೆ ಕಚ್ಚಿದ ಗುರುತಿತ್ತು. ಅವನ ಕೆಳಸಾಲಿನ ಹಲ್ಲುಗಳೋ ಅಡ್ಡಾದಿಡ್ಡಿ. 1979ರ ವಿಚಾರಣೆಯಲ್ಲಿ ರಿಚರ್ಡ್ ಸೂವಿರಾನ್ ಎಂಬ ದಂತವೈದ್ಯರು ಗುರುತಿನ ಫೋಟೋವನ್ನೂ ಬಂಡಿಯ ಹಲ್ಲನ್ನೂ ಜೂರಿಯ ಮುಂದೆ ತಾಳೆ ಹಾಕಿ ತೋರಿಸಿದರು. ಮರಣದಂಡನೆ ಆಯಿತು.

ಹಲ್ಲು ಕೀಳಿಸಿಕೊಂಡರೆ ಅಂದಿರಲ್ಲ, ಅಲ್ಲೂ ಪೊಲೀಸರಿಗೆ ಅದೇ ಭಯವಿತ್ತು. ಗೊತ್ತಾದರೆ ಹಲ್ಲು ಉಜ್ಜಿ ಸವೆಸಿಬಿಡುತ್ತಾನೆ ಅಂತ, ಮೊದಲೇ ಹೇಳದೆ ವಾರಂಟ್ ಹಿಡಿದು ಹೋಗಿ ಅಚ್ಚು ತೆಗೆಸಿದರು.

ಹತ್ತಿಕಡ್ಡಿ:

ನಿದ್ದೆಗೆಟ್ಟವರೇ, ಹೇಳಿದ್ದು ಸರಿ. ಆದರೆ ಅದೇ ಕೇಸಿನಿಂದ ಮುಂದೆ ಬೇಕಾದಷ್ಟು ಅನಾಹುತ ಆಯಿತು. ಎಲ್ಲರಿಗೂ ಹಲ್ಲಿನ ಮೇಲೆ ಜಾಸ್ತಿ ನಂಬಿಕೆ ಬಂದುಬಿಟ್ಟಿತು.

ನಾನು ಫೊರೆನ್ಸಿಕ್ ಲ್ಯಾಬಿನ ಜೀವಶಾಸ್ತ್ರ ವಿಭಾಗದಲ್ಲಿ 21 ವರ್ಷ ಕೆಲಸ ಮಾಡಿ ನಿವೃತ್ತಿಯಾದವಳು. ಎಂಜಲು ಅಂದರೆ ಎಲ್ಲರೂ ಮೂಗು ಮುರಿಯುತ್ತಾರೆ. ನನಗೆ ಅನ್ನ ಹಾಕಿದ್ದೇ ಅದು.

ಅರ್ಧಕಥೆಯವರೇ, ನಿಮ್ಮ ಮೂರನೆಯವನ ಬಗ್ಗೆ ನನಗೆ ಅಯ್ಯೋ ಅನ್ನಿಸಿತು. ಯಾಕೆ ಅಂತ ಕೇಳಿ. ಅಮೆರಿಕದ ಫೀನಿಕ್ಸ್ ನಗರದಲ್ಲಿ ರೇ ಕ್ರೋನ್ ಅಂತ ಒಬ್ಬ. 1991ರ ಕೊನೆಯಲ್ಲಿ ಒಂದು ಬಾರಿನಲ್ಲಿ ಕೆಲಸಕ್ಕಿದ್ದ ಹೆಂಗಸಿನ ಕೊಲೆಯಾಯಿತು. ಮೈಮೇಲೆ ಕಚ್ಚಿದ ಗುರುತು. ಕ್ರೋನ್‌ನ ಮುಂದಿನ ಹಲ್ಲು ವಕ್ರ. ಥರ್ಮೋಕೋಲ್ ಕಚ್ಚಿಸಿ ತಾಳೆ ನೋಡಿದರು. ಹಲ್ಲು ಇವನದ್ದೇ ಅಂತ ತಜ್ಞರು ಸಾಕ್ಷಿ ಹೇಳಿದರು. ಪೇಪರಿನವರು ಅವನಿಗೆ ವಕ್ರದಂತ ಅನ್ನೋ ಅರ್ಥದ ಅಡ್ಡಹೆಸರು ಇಟ್ಟರು. 1992ರಲ್ಲಿ ಮರಣದಂಡನೆ. 1996ರಲ್ಲಿ ಮತ್ತೆ ವಿಚಾರಣೆ ನಡೆಯಿತು, ಮತ್ತೆ ಅಪರಾಧಿ ಅಂತಲೇ ತೀರ್ಪು. 2002ರಲ್ಲಿ ಆ ಹೆಂಗಸಿನ ಬಟ್ಟೆಯ ಮೇಲಿದ್ದ ಎಂಜಲಿನ ಡಿಎನ್‌ಎ ನೋಡಿದರೆ ಅದು ಬೇರೆಯವನದ್ದು. ಆ ಬೇರೆಯವನು ಇನ್ನೊಂದು ಅಪರಾಧಕ್ಕಾಗಿ ಆಗಲೇ ಜೈಲಿನಲ್ಲಿದ್ದ. ಕ್ರೋನ್ ಹತ್ತು ವರ್ಷ ಒಳಗೆ ಕೂತಿದ್ದು ತನ್ನ ಹಲ್ಲು ವಕ್ರ ಅಂತ, ಅಷ್ಟೇ.

ಗಮನಿಸಿ. ಹಲ್ಲಿನ ಗುರುತೂ ಎಂಜಲೂ ಒಂದೇ ಬಾಯಿಯಿಂದ ಬಂದವು. ಗುರುತು ತಪ್ಪು ಹೆಸರು ಹೇಳಿತು. ಎಂಜಲು ಸರಿಯಾದ ಹೆಸರು ಹೇಳಿತು.

ಇಷ್ಟು ಹೇಳಿ ಎಂಜಲನ್ನು ಹೊಗಳಿದ ಹಾಗೂ ಆಗಬಾರದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಂಜಲಿನಿಂದ ರಕ್ತದ ಗುಂಪು ಮಾತ್ರ ನೋಡುತ್ತಿದ್ದೆವು. ಸುಮಾರು 100ಕ್ಕೆ 80 ಜನರ ಎಂಜಲಿನಲ್ಲಿ ಗುಂಪಿನ ಅಂಶ ಇಳಿದಿರುತ್ತದೆ. 'ಓ' ಅಂತ ವರದಿ ಬರೆದು ಕಳಿಸುತ್ತಿದ್ದೆ. 'ಓ' ಗುಂಪಿನವರು ಎಷ್ಟು ಜನ ಇಲ್ಲ ಹೇಳಿ? ಯಾರನ್ನಾದರೂ ಬಿಡಿಸಲು ಅದು ಸಾಕಾಗುತ್ತಿತ್ತು. ಹಿಡಿಯಲು ಅಲ್ಲ. ಡಿಎನ್‌ಎ ಬಂದ ಮೇಲೆ ಕೆಲಸದ ರೂಪವೇ ಬದಲಾಯಿತು.

ಒಣಗಿದ ಎಂಜಲು ಕಣ್ಣಿಗೆ ಕಾಣುವುದಿಲ್ಲ. ನನ್ನ ಮೇಜಿನ ಮೇಲೆ ಒಂದು ಬಿಳಿ ಅಂಗಿಯ ತೋಳು ಇತ್ತು ಅಂದುಕೊಳ್ಳಿ. ನೋಡಲು ಏನೂ ಇಲ್ಲ. ನೀಲಿ ಬಣ್ಣ ಕಟ್ಟಿದ ಪಿಷ್ಟ ಲೇಪಿಸಿದ ಒಂದು ಕಾಗದ ಬರುತ್ತದೆ. ಅದನ್ನು ತೋಳಿನ ಮೇಲೆ ಹಾಸಿ, ನೀರು ಚಿಮುಕಿಸಿ, ಮೇಲೆ ಗಾಜಿನ ಹಲಗೆ ಇಟ್ಟು ಕಾಯಬೇಕು. ಎಂಜಲಿನಲ್ಲಿ ಅಮೈಲೇಸ್ ಇರುತ್ತದಲ್ಲ, ಊಟವನ್ನು ಬಾಯಲ್ಲೇ ಜೀರ್ಣ ಮಾಡಲು ಶುರುಮಾಡುವ ವಸ್ತು, ಅದು ಆ ಪಿಷ್ಟವನ್ನು ಕತ್ತರಿಸುತ್ತದೆ. ಬಣ್ಣ ಬಿಡುಗಡೆಯಾಗುತ್ತದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಮೂಲೆಯಲ್ಲಿ ಮಸುಕಾಗಿ ನೀಲಿ. ನೋಡುತ್ತಿದ್ದ ಹಾಗೆ ಅಂಚು ಕಟ್ಟಿಕೊಂಡು ಒಂದು ರೂಪಾಯಿ ಅಗಲ ಆಗುತ್ತದೆ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಬಗ್ಗಿ ಉಸಿರು ಹಿಡಿದುಕೊಳ್ಳುತ್ತಿದ್ದೆ. ಆ ಜಾಗವನ್ನು ಮಾತ್ರ ಕತ್ತರಿಸಿ ಡಿಎನ್‌ಎಗೆ ಕಳಿಸುವುದು.

ನೀಲಿ ಬಂತು ಅಂದರೆ ಎಂಜಲು ಇರಬಹುದು ಅಂತ ಅಷ್ಟೇ. ಬೆವರಿನಲ್ಲೂ ಎದೆಹಾಲಿನಲ್ಲೂ ಸ್ವಲ್ಪ ಅಮೈಲೇಸ್ ಇರುತ್ತದೆ. ಇನ್ನು ಡಿಎನ್‌ಎ ಬರುವುದು ಅಮೈಲೇಸಿನಿಂದ ಅಲ್ಲ. ಕೆನ್ನೆಯ ಒಳಪದರದಿಂದ ಉದುರಿದ ಜೀವಕೋಶಗಳು ಮತ್ತು ಬಿಳಿ ರಕ್ತಕಣಗಳಿಂದ.

ಚರ್ಮದ ಮೇಲೆ ಕಾಗದ ಹಾಸುವ ಹಾಗಿಲ್ಲ. ಅಲ್ಲಿ ಎರಡು ಹತ್ತಿಕಡ್ಡಿ. ಮೊದಲನೆಯದನ್ನು ಶುದ್ಧ ನೀರಿನಲ್ಲಿ ಅದ್ದಿ, ಹಗುರವಾಗಿ ಉರುಳಿಸುತ್ತಾ ಗುರುತಿನ ಪೂರ್ತಿ ಒರೆಸಬೇಕು. ಒಣಗಿದ್ದು ನೆನೆದು ಏಳುತ್ತದೆ. ಆ ತೇವ ಆರುವ ಮುಂಚೆಯೇ ಎರಡನೆಯ, ಒಣ ಕಡ್ಡಿಯಿಂದ ಅದನ್ನು ಹೀರಬೇಕು. ಎರಡೂ ಸೇರಿ ಒಂದೇ ಮಾದರಿ. ಈ ಪದ್ಧತಿಯನ್ನು 1997ರಲ್ಲಿ ಡೇವಿಡ್ ಸ್ವೀಟ್ ಎಂಬ ಕೆನಡಾದ ದಂತತಜ್ಞರು ಮತ್ತು ಜೊತೆಗಾರರು ಪ್ರಕಟಿಸಿದರು. ಜೋರಾಗಿ ಉಜ್ಜಿದರೆ ಸತ್ತವರ ಚರ್ಮದ ಕೋಶಗಳೇ ಜಾಸ್ತಿ ಬಂದುಬಿಡುತ್ತವೆ. ಸತ್ತವರದ್ದೂ ಕಚ್ಚಿದವನದ್ದೂ ಬೆರೆತ ಡಿಎನ್‌ಎ ಬಿಡಿಸುವುದು ತಲೆನೋವು. ಅದಕ್ಕೇ ಸತ್ತವರ ಮಾದರಿಯನ್ನೂ ಬೇರೆಯಾಗಿ ಇಟ್ಟುಕೊಳ್ಳುತ್ತೇವೆ. ಸತ್ತವಳು ಹೆಂಗಸು, ಕಚ್ಚಿದವನು ಗಂಡಸು ಆದರೆ ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್ ಅಷ್ಟನ್ನೇ ನೋಡುವ ದಾರಿಯೂ ಇದೆ. ಆದರೆ ಅದು ಅಪ್ಪ, ಮಗ, ಅಣ್ಣ, ತಮ್ಮ ಎಲ್ಲರಿಗೂ ಒಂದೇ ಬರುತ್ತದೆ. ಇದನ್ನು ಕಥೆಗೆ ಬಳಸಿಕೊಳ್ಳಿ ಬೇಕಾದರೆ.

ಈಗ ಒಂದು ಹೊಟ್ಟೆಯುರಿ. ಒಮ್ಮೆ ನನ್ನ ಬಳಿ ಒಂದು ಫೈಲ್ ಬಂತು. ಎಲ್ಲಿಂದ ಅಂತ ಹೇಳುವುದಿಲ್ಲ. ತೋಳಿನ ಮೇಲೆ ಕಚ್ಚಿದ ಗುರುತು. ಫೋಟೋಗಳು ಎಷ್ಟು ಚಂದ! ನೇರವಾಗಿ, ಓರೆಯಾಗಿ, ಪಕ್ಕದಲ್ಲಿ ಎಲ್ ಆಕಾರದ ಸ್ಕೇಲ್ ಇಟ್ಟು, ಇಡದೆ. ಒಟ್ಟು 26. ಶಂಕಿತನ ಹಲ್ಲಿನ ಅಚ್ಚೂ ಇತ್ತು. ಸ್ವ್ಯಾಬ್, ಅಂದರೆ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಮಾದರಿ, ಎಲ್ಲಿ ಅಂತ ಹುಡುಕಿದೆ. ಅದೂ ಇತ್ತು, ಆದರೆ ತೆಗೆದದ್ದು ಮಾರನೆಯ ದಿನ. ಫೋಟೋದಲ್ಲಿ ಗುರುತು ಚೆನ್ನಾಗಿ ಕಾಣಲಿ ಅಂತ ಯಾರೋ ಮೊದಲು ತೋಳನ್ನು ಸ್ಪಿರಿಟ್‌ನಿಂದ ಒರೆಸಿ ಶುಚಿ ಮಾಡಿದ್ದರು. ಮೂರು ಸಲ ಪರೀಕ್ಷೆ ಮಾಡಿದೆ. ಬಂದದ್ದು ಸತ್ತವರ ಡಿಎನ್‌ಎ ಮಾತ್ರ. ಹಲ್ಲಿನ ವರದಿಯಲ್ಲಿ 'ಹೊಂದುತ್ತದೆ' ಅಂತ ಬರೆದಿದ್ದರು. ನನಗೆ ಹೌದು ಅನ್ನಲೂ ಅಲ್ಲ ಅನ್ನಲೂ ಏನೂ ಉಳಿದಿರಲಿಲ್ಲ. ಆ ಫೋಟೋಗಳು ಈಗಲೂ ಕಣ್ಣ ಮುಂದಿವೆ.

ಅದಕ್ಕೆ ನಾನು ಹೇಳುವುದು ಇಷ್ಟೇ. ಕಚ್ಚಿದ ಗುರುತು ಅಂದರೆ ಎಂಜಲು ಎಲ್ಲಿ ಹುಡುಕಬೇಕು ಅಂತ ತೋರಿಸುವ ಬಾಣದ ಗುರುತು. ಮುಟ್ಟುವ ಮುಂಚೆ ಒಂದು ಫೋಟೋ, ತಕ್ಷಣ ಸ್ವ್ಯಾಬ್. ಅಳತೆ, ಅಚ್ಚು ಎಲ್ಲ ಆಮೇಲೆ.

ಅರ್ಧಕಥೆ:

ಮೇಡಂ, ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ತಂಗಿಗೆ ತೋರಿಸಿದೆ, ಮುಖದಲ್ಲಿ ಗೆದ್ದ ನಗು. ಒಂದು ಡೌಟು. ಹಾಗಾದರೆ ತೊಳೆದ ಮೇಲೆ ಎಲ್ಲ ಮುಗಿದ ಹಾಗೇನಾ? ನನ್ನ ಕಥೆಯಲ್ಲಿ ಆ ಹೆಂಗಸು ಬೀಳುವುದು ಕೆರೆಗೆ. ಅದನ್ನು ಬದಲಾಯಿಸಬೇಕಾ?

ಹತ್ತಿಕಡ್ಡಿ:

ಬದಲಾಯಿಸಬೇಡಿ. ನಿಧಾನವಾಗಿ ಹರಿಯುವ ನದಿಯಲ್ಲಿ ಸುಮಾರು ಐದೂವರೆ ಗಂಟೆ ಇದ್ದ ಶವದ ಮೇಲಿನ ಕಚ್ಚಿದ ಗುರುತಿನಿಂದಲೂ ಎಂಜಲಿನ ಡಿಎನ್‌ಎ ತೆಗೆದಿದ್ದಾರೆ. ಅದೂ ಡೇವಿಡ್ ಸ್ವೀಟ್ ಅವರೇ 1999ರಲ್ಲಿ ಪ್ರಕಟಿಸಿದ ಕೇಸ್. ಸಿಗುವುದಿಲ್ಲ ಅಂದುಕೊಂಡು ಸ್ವ್ಯಾಬ್ ತೆಗೆಯದೆ ಇರುವುದು ತಪ್ಪು. ಕೆರೆಯ ನೀರಿಗಿಂತ ಸ್ಪಿರಿಟ್ ಹಾಕಿ ಉಜ್ಜುವ ಮನುಷ್ಯರೇ ಅಪಾಯ.

ದವಡೆ ಡಾಕ್ಟರ್:

ದಂತವೈದ್ಯ ನಾನು. ನಮ್ಮವರ ಮಾನ ಉಳಿಸೋಣ ಅಂತ ಬಂದೆ. ಆದರೆ ಮೇಡಂ ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಫೊರೆನ್ಸಿಕ್ ತರಬೇತಿಯಲ್ಲಿ ನಮ್ಮ ಮೇಷ್ಟ್ರು ಒಂದು ಫೋಟೋ ಕೊಟ್ಟರು. ತೊಡೆಯ ಮೇಲೆ ದುಂಡನೆಯ ಗುರುತು, ಅಂಚಿಗೆ ಸಣ್ಣ ಸಣ್ಣ ಗೀರು. ನಾನು ಅರ್ಧ ಗಂಟೆ ಕೂತು ಬರೆದೆ. ಇದು ಮೇಲಿನ ಸಾಲು, ಇದು ಕೆಳಸಾಲು, ಬಲಗಡೆ ಕೋರೆಹಲ್ಲು ಒಳಕ್ಕೆ ತಿರುಗಿದೆ, ವಯಸ್ಕ. ಮೇಷ್ಟ್ರು ಓದಿ, ಜೇಬಿನಿಂದ ಸೋಡಾ ಬಾಟಲಿಯ ತಗಡಿನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ಅದರ ಅಂಚಿನಲ್ಲಿ 21 ಹಲ್ಲು. ನನ್ನ ಕೋರೆಹಲ್ಲು ಅದರಲ್ಲಿ ಒಂದು. ಆ ಮುಚ್ಚಳ ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ.

ನಾನೊಬ್ಬನೇ ಪೆದ್ದ ಅಲ್ಲ. ಅಮೆರಿಕದಲ್ಲಿ ಈ ವಿದ್ಯೆಯ ಅನುಭವಿ ತಜ್ಞರಿಗೇ 100 ಫೋಟೋ ಕೊಟ್ಟು, ಇದು ಮನುಷ್ಯ ಕಚ್ಚಿದ್ದಾ ಅಂತ ಕೇಳಿದರು. 2015ರಲ್ಲಿ ಫಲಿತಾಂಶ ಬಂತು. ಎಲ್ಲರೂ ಒಂದೇ ಉತ್ತರ ಕೊಟ್ಟದ್ದು ನಾಲ್ಕು ಫೋಟೋಗೆ. ಯಾರು ಕಚ್ಚಿದ್ದು ಅಂತ ಅಲ್ಲ ಸ್ವಾಮಿ, ಕಚ್ಚಿದ್ದಾ ಇಲ್ಲವಾ ಅಂತ! ಮಿಸಿಸಿಪ್ಪಿಯ ಕೆನಡಿ ಬ್ರೂವರ್ ಕೇಸಿನಲ್ಲಿ 19 ಕಚ್ಚಿದ ಗುರುತು ಅಂತ ದಂತವೈದ್ಯರೊಬ್ಬರು ಸಾಕ್ಷಿ ಹೇಳಿ ಮರಣದಂಡನೆ ಆಗಿತ್ತು. ನೀರಿನಲ್ಲಿದ್ದ ಶವ. ಆ ಗುರುತುಗಳು ಹುಳಹುಪ್ಪಟೆ, ಸೀಗಡಿ ಜಾತಿಯ ಜೀವಿಗಳು ಮಾಡಿದ್ದು ಅಂತ ಬೇರೆ ತಜ್ಞರು ಹೇಳಿದರು. ಡಿಎನ್‌ಎಯಿಂದ ಅವನು 2008ರಲ್ಲಿ ಪೂರ್ತಿ ನಿರಪರಾಧಿ ಅಂತಾಯಿತು.

ಕಾರಣ ಸರಳ. ಹಲ್ಲಿನ ಅಚ್ಚು ಗಟ್ಟಿ, ಚರ್ಮ ರಬ್ಬರು. ಕಚ್ಚುವಾಗ ತೋಳು ಮಡಚಿತ್ತಾ, ಚಾಚಿತ್ತಾ, ಅವಳು ಎಳೆದುಕೊಂಡಳಾ, ಎಲ್ಲದಕ್ಕೂ ಗುರುತು ಬೇರೆ ಬೇರೆ. ಬಫಲೋ ವಿಶ್ವವಿದ್ಯಾಲಯದ ಮೇರಿ ಮತ್ತು ಪೀಟರ್ ಬುಷ್ ಒಂದೇ ಹಲ್ಲಿನ ಅಚ್ಚನ್ನು ಶವಗಳ ಚರ್ಮದ ಮೇಲೆ ಒತ್ತಿ ನೋಡಿದರು. ಪ್ರತಿ ಸಲ ಬೇರೆ ಗುರುತು. ಆಮೇಲೆ ಅದು ಊದಿಕೊಳ್ಳುತ್ತದೆ, ಕಪ್ಪುಗಟ್ಟುತ್ತದೆ. ಬೀಗಕ್ಕೆ ಕೀಲಿ ಅಂದಿರಲ್ಲ, ಆ ಸಾಲು ದಯವಿಟ್ಟು ತೆಗೆದುಹಾಕಿ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇದಕ್ಕೆ ವೈಜ್ಞಾನಿಕ ಆಧಾರ ಸಾಲದು ಅಂತಲೇ ವರದಿ ಕೊಟ್ಟಿತು.

ಹಾಗಂತ ಹಲ್ಲು ಕೆಲಸಕ್ಕೆ ಬಾರದ್ದು ಅನ್ನಬೇಡಿ. ಗುರುತು ಸ್ಪಷ್ಟವಾಗಿದ್ದರೆ ಕಚ್ಚಿದ್ದು ಮಗುವಾ ದೊಡ್ಡವರಾ ಅಂತ ಕೋರೆಹಲ್ಲುಗಳ ನಡುವಿನ ಅಳತೆಯಿಂದ ಒಂದು ಅಂದಾಜು ಸಿಗುತ್ತದೆ. ಮುಂದಿನ ಎರಡು ಹಲ್ಲೇ ಇಲ್ಲದವನನ್ನು ಪಟ್ಟಿಯಿಂದ ಬಿಡಬಹುದು. 2012ರ ದೆಹಲಿ ಬಸ್ಸಿನ ಪ್ರಕರಣದಲ್ಲಿ ಕಚ್ಚಿದ ಗುರುತಿನ ಫೋಟೋಗಳೂ ಆರೋಪಿಗಳ ಹಲ್ಲಿನ ಅಚ್ಚುಗಳೂ ಧಾರವಾಡದ ಎಸ್‌ಡಿಎಂ ದಂತವೈದ್ಯ ಕಾಲೇಜಿನ ಡಾ. ಅಶಿತ್ ಆಚಾರ್ಯ ಅವರ ಬಳಿ ಹೋಗಿದ್ದವು. ಅವರ ವರದಿಯನ್ನು 2017ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ಅಲ್ಲಿ ಡಿಎನ್‌ಎ ಇತ್ತು, ಸಾಯುವ ಮುನ್ನ ಕೊಟ್ಟ ಹೇಳಿಕೆ ಇತ್ತು, ಸಿಸಿಟಿವಿ ಇತ್ತು. ಹಲ್ಲು ಗುಂಪಿನಲ್ಲಿ ನಿಂತ ಸಾಕ್ಷಿ.

ಇನ್ನು ಸತ್ತವರನ್ನು ಗುರುತಿಸುವುದರಲ್ಲಿ ನಮ್ಮನ್ನು ಸೋಲಿಸುವವರು ಕಡಿಮೆ. ಅಲ್ಲಿ ಹಲ್ಲಿಗೆ ಹಲ್ಲನ್ನೇ ಹೋಲಿಸುತ್ತೇವೆ, ಎಕ್ಸ್‌ರೇ ಜೊತೆಗೆ. ನಡುವೆ ಚರ್ಮ ಇಲ್ಲ. 2004ರ ಸುನಾಮಿಯ ನಂತರ ಥಾಯ್ಲೆಂಡಿನಲ್ಲಿ ಜಾಸ್ತಿ ಶವಗಳ ಗುರುತು ಸಿಕ್ಕಿದ್ದು ಹಲ್ಲಿನ ದಾಖಲೆಯಿಂದಲೇ. ಬೆಂಕಿಯಲ್ಲಿ ಬೆರಳಚ್ಚು ಹೋಗುತ್ತದೆ, ಹಲ್ಲು ಉಳಿಯುತ್ತದೆ. ಜನ ಹಲ್ಲಿನಿಂದ ಸತ್ತವರನ್ನು ಗುರುತಿಸುವುದನ್ನೂ ಕಚ್ಚಿದ ಗುರುತನ್ನು ತಾಳೆ ನೋಡುವುದನ್ನೂ ಒಂದೇ ಅಂದುಕೊಂಡದ್ದೇ ಎಲ್ಲ ಗೊಂದಲಕ್ಕೂ ಮೂಲ.

ಸೇಬು ಚೆನ್ನಾಗಿದೆ, ಬಿಡಬೇಡಿ. ಸೇಬು ಚರ್ಮದ ಹಾಗೆ ಊದಿಕೊಳ್ಳುವುದಿಲ್ಲ. ಆದರೆ ಒಣಗಿ ಸುಕ್ಕಾಗುತ್ತದೆ, ಬೇಗ ಅಚ್ಚು ತೆಗೆಯಬೇಕು. 1954ರಲ್ಲಿ ಟೆಕ್ಸಾಸಿನಲ್ಲಿ ಕಳ್ಳನೊಬ್ಬ ಅಂಗಡಿಯಲ್ಲಿ ಕಚ್ಚಿಟ್ಟು ಹೋದ ಚೀಸ್ ತುಂಡಿನಿಂದ ಸಿಕ್ಕಿಬಿದ್ದಿದ್ದ.

ಹಲ್ಲು ಕೀಳಿಸಿಕೊಂಡರೆ? ಕಿತ್ತ ಜಾಗದಲ್ಲಿ ಮೂಳೆ ತುಂಬಲು ತಿಂಗಳುಗಳು ಬೇಕು. ಎಕ್ಸ್‌ರೇಯಲ್ಲಿ ಗುಳಿ ಕಾಣುತ್ತದೆ. ಗಟ್ಟಿ ಹಲ್ಲನ್ನು ಕೊಲೆಯಾದ ವಾರವೇ ಯಾಕೆ ಕೀಳಿಸಿದೆ ಅಂತ ಕೇಳಿದರೆ ಏನು ಹೇಳುತ್ತಾನೆ?

ಕರಿಕೋಟು:

ವಕೀಲನ ಕಡೆಯಿಂದ ಒಂದೆರಡು ಮಾತು. ಎಂಜಲು ಸಿಕ್ಕಿತು ಅಂದ ಮಾತ್ರಕ್ಕೆ ಕೇಸ್ ಗೆದ್ದ ಹಾಗಲ್ಲ. ಲೋಟದ ಅಂಚಿನಲ್ಲಿ ನನ್ನ ಎಂಜಲು ಇದ್ದರೆ ನಾನು ಆ ಲೋಟದಲ್ಲಿ ಕುಡಿದೆ ಅಂತ ಅಷ್ಟೇ. ಯಾವತ್ತು ಕುಡಿದೆ? ಆ ಮನೆಯಲ್ಲೇ ಕುಡಿದೆನಾ? ಎಂಜಲಿಗೆ ತಾರೀಕು ಇರುವುದಿಲ್ಲ. ನಾನಾದರೆ ಆ ಲೋಟವನ್ನು ಹತ್ತು ನಿಮಿಷದಲ್ಲಿ ಹೊಡೆದುಹಾಕುತ್ತೇನೆ. ಆದರೆ ತೋಳಿನ ಮೇಲೆ, ಹಲ್ಲಿನ ಗುರುತಿನ ಮಧ್ಯದಲ್ಲೇ ನನ್ನ ಕಕ್ಷಿದಾರನ ಎಂಜಲು ಅಂದರೆ ಬೆವರುತ್ತೇನೆ. ಅದಕ್ಕೆ ಬೇರೆ ಕಥೆ ಕಟ್ಟುವುದು ಕಷ್ಟ. ಹಾಗಾಗಿ ಗುರುತೂ ಬೇಕು ಮೇಡಂ, ನೀವು ಅದನ್ನು ಪೂರ್ತಿ ತಳ್ಳಿಹಾಕಬೇಡಿ.

ಮಾದರಿ ಪಡೆಯುವುದರಲ್ಲೂ ಒಳ್ಳೆ ಕಥೆಗಳಿವೆ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1987ರಲ್ಲಿ ಸುಮಾರು 5,000 ಗಂಡಸರ ರಕ್ತ, ಎಂಜಲು ಸಂಗ್ರಹಿಸಿದರು. ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಬದಲು ಜೊತೆ ಕೆಲಸದವನನ್ನು ಕಳಿಸಿದ! ಆ ಜೊತೆಗಾರ ಪಬ್ಬಿನಲ್ಲಿ ಬಾಯಿಬಿಟ್ಟದ್ದರಿಂದ ಸಿಕ್ಕಿಬಿದ್ದ. ಇನ್ನೊಂದು ಸಿಯಾಟಲ್‌ನದ್ದು. 1982ರ ಕೊಲೆ, ಶಂಕಿತ ಜಾನ್ ಎಥಾನ್. 2003ರಲ್ಲಿ ಪೊಲೀಸರು ಒಂದು ಸುಳ್ಳು ವಕೀಲರ ಸಂಸ್ಥೆಯ ಹೆಸರಿನಲ್ಲಿ ಅವನಿಗೆ ಪತ್ರ ಬರೆದರು. ಅವನು ಉತ್ತರ ಬರೆದು, ಲಕೋಟೆಯ ಅಂಟನ್ನು ನೆಕ್ಕಿ ಮುಚ್ಚಿ ಕಳಿಸಿದ. ಅಷ್ಟೇ ಸಾಕಾಯಿತು. ಅದು ಸರಿಯೋ ತಪ್ಪೋ ಅಂತ ವಾದ ನಡೆದು, 2007ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ನಮ್ಮ ವೃತ್ತಿಯ ವೇಷ ಹಾಕಿದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ, ಅದು ಬೇರೆ ಮಾತು.

ಹತ್ತಿಕಡ್ಡಿ:

ಕರಿಕೋಟು ಸರ್, ಒಪ್ಪಿದೆ. ಗುರುತು ಬೇಕು. ಎಂಜಲು ಎಲ್ಲಿತ್ತು ಅಂತ ಹೇಳುವುದು ಅದೇ.

ದವಡೆ ಡಾಕ್ಟರ್:

ಒಂದು ಮರೆತಿದ್ದೆ. ಅವಳಿ ಅಣ್ಣತಮ್ಮ, ಒಂದೇ ಅಂಡದವರು. ಮಾಮೂಲಿ ಡಿಎನ್‌ಎ ಪರೀಕ್ಷೆಯಲ್ಲಿ ಇಬ್ಬರದ್ದೂ ಒಂದೇ. ಹಲ್ಲಿನ ಸಾಲು ಮಾತ್ರ ಒಂದೇ ಇರುವುದಿಲ್ಲ. ಮೇಡಂ, ಅಲ್ಲಿ ನಾವೇ ಬೇಕು ಅಲ್ವಾ?

ಹತ್ತಿಕಡ್ಡಿ:

ಸಾಲು ಬೇರೆ, ಸರಿ. ಆ ವ್ಯತ್ಯಾಸ ಚರ್ಮದ ಮೇಲೆ ಉಳಿದಿದ್ದರೆ ತಾನೇ ಡಾಕ್ಟ್ರೇ? ಮುಚ್ಚಳ ನೆನಪಿದೆಯಾ?

ಅರ್ಧಕಥೆ:

ಅವಳಿಗಳ ಕಥೆ ಮುಂದಿನ ಕಾದಂಬರಿಗೆ ಎತ್ತಿಟ್ಟುಕೊಂಡೆ. ಒಂಬತ್ತನೇ ಅಧ್ಯಾಯ ಪೂರ್ತಿ ಹೊಸದಾಗಿ ಬರೆದೆ. ಮೂರನೆಯವನ ಹಲ್ಲು ಹೊಂದುತ್ತದೆ, ಊರೆಲ್ಲ ಅವನನ್ನೇ ಕೊಲೆಗಾರ ಅನ್ನುತ್ತದೆ, ಆದರೆ ಅವನಲ್ಲ. ಶುರು ಹೀಗೆ:

"ಶವಾಗಾರದ ಹುಡುಗ ಬಕೆಟ್ ತಂದು ಇಟ್ಟಿದ್ದ. ಸ್ಪಂಜು ನೀರಿನಲ್ಲಿ ಮುಳುಗಿತ್ತು. 'ಮುಟ್ಟಬೇಡ' ಅಂದಳು ಇನ್‌ಸ್ಪೆಕ್ಟರ್. ತೋಳಿನ ಫೋಟೋ ತೆಗೆಸಿ, ಡಾಕ್ಟರ ಕೈಗೆ ಎರಡು ಹತ್ತಿಕಡ್ಡಿ ಕೊಟ್ಟಳು. ಒಂದು ಒದ್ದೆ, ಒಂದು ಒಣ. ಅವರು ಗುರುತಿನ ಮೇಲೆ ಉರುಳಿಸುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಎರಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲ್ ಮಾಡಿದಳು."

ತಂಗಿ ಈ ಸಲ ಎದ್ದು ಹೋಗಲಿಲ್ಲ. ಹೇಗಿದೆ ಮೇಡಂ?

ಹತ್ತಿಕಡ್ಡಿ:

ಬಕೆಟ್ ಚೆನ್ನಾಗಿದೆ. ಕೊನೆಯ ಸಾಲು ಓದಿ ಎದೆ ಧಸಕ್ ಅಂತು. ಪ್ಲಾಸ್ಟಿಕ್ ಬೇಡಪ್ಪಾ! ಒದ್ದೆ ಕಡ್ಡಿ ಅದರೊಳಗೆ ಬೆವೆತು ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ಅರ್ಧ ಗಂಟೆಯಾದರೂ ನೆರಳಿನಲ್ಲಿ ಆರಿಸಿ, ಕಾಗದದ ಲಕೋಟೆಗೆ ಹಾಕಿ. ಲಕೋಟೆಯನ್ನು ನೆಕ್ಕಿ ಅಂಟಿಸಲು ಮಾತ್ರ ಬಿಡಬೇಡಿ, ನಿಮ್ಮ ಇನ್‌ಸ್ಪೆಕ್ಟರಮ್ಮನೇ ಐದನೇ ಶಂಕಿತೆ ಆಗಿಬಿಡುತ್ತಾಳೆ.